ಲಾರಿ ಅಪಘಾತ: ಹೊಣೆ ಯಾರದು, ಪರಿಹಾರ ಯಾರಿಗೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಉಜ್ಜಿನಿಯಲ್ಲಿ ನಡೆದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ಹಬ್ಬದ ದಿನ. ನಮ್ಮ ಸಂಘಕ್ಕೆ ಇಪ್ಪತ್ತೈದು ತುಂಬಿದೆ. ಇಂಥ ದಿನ ಅಪಘಾತ, ಕೋರ್ಟು, ಪರಿಹಾರ ಎಂದು ಮಾತಾಡುವುದು ಸರಿಯಲ್ಲ ಎಂದು ಯಾರಾದರೂ ಅಂದುಕೊಂಡರೆ ತಪ್ಪೇನಿಲ್ಲ. ಆದರೂ ಈ ವಿಷಯವನ್ನೇ ನಾವು ಆರಿಸಿಕೊಳ್ಳಲು ಕಾರಣ ಉಂಟು. ಈ ಶಾಮಿಯಾನದ ಕೆಳಗೆ ಕುಳಿತವರನ್ನೇ ನೋಡಿ. ಟ್ರ್ಯಾಕ್ಟರ್ ಇಟ್ಟವರು ಇದ್ದೀರಿ. ಲಾರಿ, ಟೆಂಪೋ ಇಟ್ಟುಕೊಂಡು ಕೊಟ್ಟೂರು, ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಹೇರುವವರು ಇದ್ದೀರಿ. ಅದೇ ಗಾಡಿ ಹತ್ತಿ ಕೂಲಿಗೆ, ಸಂತೆಗೆ, ಜಾತ್ರೆಗೆ ಹೋಗುವವರೂ ಇದ್ದೀರಿ. ಒಂದು ಗಾಡಿ ಮಗುಚಿತು ಅಂದ್ರೆ ಕೈಕಾಲು ಮುರಿದುಕೊಂಡವನು ಒಬ್ಬ ಸದಸ್ಯ, ಪರಿಹಾರ ಕಟ್ಟಬೇಕಾದವನು ಇನ್ನೊಬ್ಬ ಸದಸ್ಯ. ಒಂದು ಅಪಘಾತಕ್ಕೆ ಎರಡು ಮನೆ ಕೆಡುತ್ತವೆ. ಹಾಗಾಗದಂತೆ ನೋಡಿಕೊಳ್ಳುವ ದಾರಿ ಕಾನೂನಿನಲ್ಲಿಯೇ ಇದೆ. ಆದರೆ ಅದರಲ್ಲಿ ಅರ್ಧ ಕೆಲಸ ಅಪಘಾತಕ್ಕೆ ಮುಂಚೆಯೇ ಮಾಡುವಂಥದ್ದು, ಇನ್ನರ್ಧ ಅಪಘಾತವಾದ ಮೊದಲ ವಾರದಲ್ಲಿ ಮಾಡುವಂಥದ್ದು. ಅದನ್ನು ತಿಳಿಸುವುದೇ ನಮ್ಮ ಇಂದಿನ ಮಾತಿನ ಉದ್ದೇಶ.

ನಮ್ಮ ಸುತ್ತಲಿನ ಎರಡು ಘಟನೆ

2023ರ ಅಕ್ಟೋಬರ್ 9ರಂದು ಹೊಸಪೇಟೆಯ ಒಂದು ಕುಟುಂಬದವರು ಹರಪನಹಳ್ಳಿ ತಾಲೂಕಿನ ಕೂಲಹಳ್ಳಿ ಗೋಣಿಬಸವೇಶ್ವರನ ದರ್ಶನ ಮಾಡಿಕೊಂಡು ಕ್ರೂಸರ್ ಗಾಡಿಯಲ್ಲಿ ವಾಪಸ್ ಹೊರಟಿದ್ದರು. ವ್ಯಾಸನಕೆರೆ ರೈಲ್ವೆ ಸೇತುವೆ ಹತ್ತಿರ ಎರಡು ಟಿಪ್ಪರ್ ಲಾರಿಗಳ ನಡುವೆ ಆ ಕ್ರೂಸರ್ ಸಿಕ್ಕಿಹಾಕಿಕೊಂಡಿತು. ಏಳು ಜನ ತೀರಿಹೋದರು. ಟಿಪ್ಪರಿನ ಆಕ್ಸಲ್ ತುಂಡಾಗಿ ಹೀಗಾಯಿತು ಎಂದು ಆಗ ವರದಿಯಾಗಿತ್ತು.

ಇನ್ನೊಂದು 2025ರ ಜನವರಿ 22ರದು. ಹಾವೇರಿ ಜಿಲ್ಲೆ ಸವಣೂರಿನಿಂದ ಹಣ್ಣು, ತರಕಾರಿ ಹೇರಿಕೊಂಡು ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರದ ಹತ್ತಿರ ಬೆಳಗಿನ ಜಾವ ಕಂದಕಕ್ಕೆ ಉರುಳಿತು. ಹತ್ತು ಜನ ವ್ಯಾಪಾರಿಗಳು ಸತ್ತರು. ಅವರೆಲ್ಲ ಅದೇ ಲಾರಿಯಲ್ಲಿ ತಮ್ಮ ಮಾಲಿನ ಜೊತೆ ಕುಳಿತು ಹೊರಟಿದ್ದವರು. ಸರಕಾರಗಳು ಪರಿಹಾರ ಘೋಷಿಸಿದವು. ಅದು ಸರಕಾರದ ನೆರವು. ನ್ಯಾಯಮಂಡಳಿಯಿಂದ ಬರುವ ಪರಿಹಾರ ಬೇರೆ, ಅದು ಹಕ್ಕು. ಒಂದು ಬಂತೆಂದು ಇನ್ನೊಂದನ್ನು ಬಿಡಬಾರದು.

ಈ ಎರಡೂ ಘಟನೆಗಳಲ್ಲಿ ಸತ್ತವರ ಕುಟುಂಬದ ದುಃಖ ಒಂದೇ. ಆದರೆ ಕಾನೂನು ಕೇಳುವ ಪ್ರಶ್ನೆಗಳು ಬೇರೆ ಬೇರೆ. ಯಾವ ಗಾಡಿಯಲ್ಲಿ ಕುಳಿತಿದ್ದರು? ಎಲ್ಲಿ ಕುಳಿತಿದ್ದರು? ಯಾತಕ್ಕಾಗಿ ಹೋಗುತ್ತಿದ್ದರು? ಈ ಮೂರು ಪ್ರಶ್ನೆಗೆ ಬರುವ ಉತ್ತರದ ಮೇಲೆ ದುಡ್ಡು ವಿಮಾ ಕಂಪನಿಯಿಂದ ಬರುತ್ತದೋ, ಗಾಡಿ ಮಾಲೀಕನ ಹೊಲದಿಂದ ಬರಬೇಕೋ ಎಂಬುದು ನಿಂತಿದೆ.

ಹೊಣೆ ಯಾರದು

ಸಾಮಾನ್ಯ ನಿಯಮ ಸುಲಭ. ಚಾಲಕ ಅಜಾಗರೂಕತೆಯಿಂದ ಓಡಿಸಿದರೆ ತಪ್ಪು ಅವನದು. ಅವನನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕ ಆ ತಪ್ಪಿಗೆ ಹೊಣೆ. ಮಾಲೀಕ ಕಟ್ಟಿದ ಥರ್ಡ್ ಪಾರ್ಟಿ ವಿಮೆ ಆ ಹೊಣೆಯನ್ನು ಹೊರುತ್ತದೆ. 1988ರ ಮೋಟಾರು ವಾಹನ ಕಾಯಿದೆ ಈ ವಿಮೆಯನ್ನು ಕಡ್ಡಾಯ ಮಾಡಿರುವುದು ರಸ್ತೆಯಲ್ಲಿ ಹೋಗುವ ಬಡವನಿಗೆ ಬರಿಗೈ ಆಗಬಾರದು ಎಂದೇ.

"ಆಕ್ಸಲ್ ಕಟ್ಟಾತ್ರಿ, ಬ್ರೇಕ್ ಹಿಡೀಲಿಲ್ರಿ, ನಾವೇನ್ ಮಾಡಾನ" ಅಂದರೆ ಕೋರ್ಟಿನಲ್ಲಿ ನಡೆಯುವುದಿಲ್ಲ. ಗಾಡಿಯನ್ನು ಸರಿಯಾಗಿ ನೋಡಿಕೊಂಡಿದ್ದೆವು, ಈ ದೋಷ ಎಷ್ಟು ಪರೀಕ್ಷೆ ಮಾಡಿದ್ದರೂ ಕಾಣುತ್ತಿರಲಿಲ್ಲ ಎಂದು ಮಾಲೀಕನೇ ರುಜುವಾತು ಮಾಡಬೇಕು. ಎರಡು ಗಾಡಿಗಳ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ, ಪೆಟ್ಟು ತಿಂದವರು ಎರಡರ ಮೇಲೂ ಅರ್ಜಿ ಹಾಕಬಹುದು, ಅಥವಾ ಒಂದರ ಮೇಲೆಯೇ ಪೂರಾ ಹಣ ಕೇಳಬಹುದು. ಸುಪ್ರೀಂ ಕೋರ್ಟು 2015ರಲ್ಲಿ ಇದನ್ನು ಸ್ಪಷ್ಟ ಮಾಡಿದೆ. ತಮ್ಮತಮ್ಮ ಪಾಲು ಎಷ್ಟೆಂಬುದನ್ನು ಅವರವರೇ ಆಮೇಲೆ ತೀರಿಸಿಕೊಳ್ಳಲಿ.

ನಿಂತ ಗಾಡಿಗೂ ಹೊಣೆ ಇದೆ. ರಾತ್ರಿ ಹೊತ್ತು ಇಂಡಿಕೇಟರ್ ಹಾಕದೆ, ರಿಫ್ಲೆಕ್ಟರ್ ಇಲ್ಲದೆ ರಸ್ತೆ ಮೇಲೆ ನಿಲ್ಲಿಸಿದ ಲಾರಿಗೋ ಟ್ರೇಲರಿಗೋ ಬೈಕಿನವ ಬಂದು ಗುದ್ದಿದರೆ "ಅವನೇ ಬಂದು ಬಿದ್ದ" ಎಂದು ಕೈ ತೊಳೆದುಕೊಳ್ಳಲಿಕ್ಕೆ ಆಗುವುದಿಲ್ಲ. ಬೈಕಿನವ ಕುಡಿದಿದ್ದರೆ, ಅತಿ ವೇಗ ಇದ್ದರೆ ಅವನ ಪಾಲಿನ ತಪ್ಪನ್ನು ಪರಿಹಾರದಲ್ಲಿ ಕಳೆಯುತ್ತಾರೆ, ಅಷ್ಟೆ.

ವಿಮೆ ಎಲ್ಲಿ ಕೈಕೊಡುತ್ತದೆ

ಈಗ ಹೇಳುವುದನ್ನು ದಯವಿಟ್ಟು ಲಕ್ಷ್ಯ ಕೊಟ್ಟು ಕೇಳಿ. ನಮ್ಮ ಕಡೆ ಹೆಚ್ಚಿನ ಮನೆಗಳು ಮುಳುಗುವುದು ಇಲ್ಲಿಯೇ.

ಲಾರಿ, ಟೆಂಪೋ, ಟ್ರ್ಯಾಕ್ಟರ್ ಟ್ರೇಲರ್, ಇವು ಮಾಲು ಹೇರುವ ಗಾಡಿಗಳು. ಮನುಷ್ಯರನ್ನು ಹೇರಲಿಕ್ಕೆ ಅಲ್ಲ. ಆ ಗಾಡಿ ರಸ್ತೆಯಲ್ಲಿ ಹೋಗುವವರಿಗೆ ಗುದ್ದಿದರೆ ವಿಮೆ ಬರುತ್ತದೆ. ಆದರೆ ಅದರ ಮೇಲೆ ಸುಮ್ಮನೆ ಹತ್ತಿ ಕುಳಿತವರಿಗೆ, ಬಾಡಿಗೆ ಕೊಟ್ಟು ಹತ್ತಿದವರಿಗೂ ಸಹ, ವಿಮಾ ಕಂಪನಿ ಹೊಣೆ ಅಲ್ಲ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2002ರ ಡಿಸೆಂಬರಿನಲ್ಲಿಯೇ ಇದನ್ನು ತೀರ್ಮಾನಿಸಿದೆ. 1994ರ ತಿದ್ದುಪಡಿಯಿಂದ ಒಬ್ಬರಿಗೆ ಮಾತ್ರ ವಿನಾಯಿತಿ ಸಿಕ್ಕಿದೆ: ಆ ಮಾಲಿನ ಮಾಲೀಕ, ಇಲ್ಲವೇ ಅವನು ಕಳಿಸಿದ ಪ್ರತಿನಿಧಿ. ಅವನೂ ಚಾಲಕನ ಪಕ್ಕ ಕ್ಯಾಬಿನ್ನಿನಲ್ಲಿ ಕುಳಿತಿರಬೇಕು, ಮೂಟೆ ಮೇಲೆ ಅಲ್ಲ ಎಂದು 2007ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಯಲ್ಲಾಪುರದಂಥ ಪ್ರಕರಣದಲ್ಲಿ ಈ ಪ್ರಶ್ನೆ ಎಷ್ಟು ಭಾರ ಎಂದು ನೀವೇ ಊಹಿಸಿ. ಒಂದೊಂದು ಮನೆಯವರೂ ಆ ಹೊತ್ತು ಹೇರಿದ ಮಾಲು ನಮ್ಮದೇ ಎಂದು ತೋರಿಸಬೇಕಾಗುತ್ತದೆ. ಅದಕ್ಕೇ ಮಾಲಿನ ಚೀಟಿ, ಮಂಡಿ ರಶೀದಿ, ಬಾಡಿಗೆ ಚೀಟಿ ಇವುಗಳನ್ನು ಬಿಸಾಡಬೇಡಿ.

ಟ್ರ್ಯಾಕ್ಟರಿನದು ಇನ್ನೂ ಬಿಗಿ. ಟ್ರ್ಯಾಕ್ಟರಿನಲ್ಲಿ ಕೂರಲು ಇರುವುದು ಚಾಲಕನ ಸೀಟು ಒಂದೇ. ಮಡ್‌ಗಾರ್ಡ್ ಮೇಲೆ ಕುಳಿತವರಿಗೆ ಪಾಲಿಸಿಯಲ್ಲಿ ಜಾಗವೇ ಇಲ್ಲ. ಟ್ರೇಲರಿಗೆ ಬೇರೆ ನೋಂದಣಿ, ಬೇರೆ ವಿಮೆ ಬೇಕು. ಅದು ಎಷ್ಟು ಜನ ಮಾಡಿಸಿದ್ದೀರಿ, ಮನಸ್ಸಿನಲ್ಲೇ ಎಣಿಸಿಕೊಳ್ಳಿ. ವ್ಯವಸಾಯಕ್ಕೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರಿನಲ್ಲಿ ಮದುವೆ ದಿಬ್ಬಣ ಹೊರಟರೆ ಪಾಲಿಸಿಯ ಶರತ್ತು ಮುರಿದಂತೆ.

"ಇಲ್ಲೇ ಹೊಲಕ್ಕಲ್ಲೇನ್ರಿ, ಹತ್ರಿ ಹತ್ರಿ, ಏನಾಗಲ್ಲ" ಎನ್ನುವ ಮಾತು ನಮ್ಮಲ್ಲಿ ದಿನಾ ಕೇಳುತ್ತೇವೆ. ಒಳ್ಳೆ ಮನಸ್ಸಿನಿಂದಲೇ ಹೇಳುವ ಮಾತು ಅದು. ಆದರೆ ಗಾಡಿ ಮಗುಚಿದರೆ ಆ ಒಳ್ಳೆ ಮನಸ್ಸಿನ ಬೆಲೆ ಲಕ್ಷಗಟ್ಟಲೆ. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯ "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ" ಎಂದು ಆದೇಶ ಮಾಡುತ್ತದೆ. ಆಗ ಗಾಯಾಳುವಿಗೆ ಉಸಿರು ಬರುತ್ತದೆ, ಮಾಲೀಕನಿಗೆ ಬರುವುದಿಲ್ಲ. ಕಂಪನಿ ಹೊಣೆಯೇ ಅಲ್ಲ ಎಂದಾದರೆ ಇಬ್ಬರೂ ಮುಳುಗಿದಂತೆ. ಯಾಕೆಂದರೆ ತೀರ್ಪಿನ ಹಣವನ್ನು ಬಡ್ಡಿ ಸಮೇತ ಕಂದಾಯ ಬಾಕಿಯಂತೆ ವಸೂಲಿ ಮಾಡಲು ಕಾಯಿದೆಯ 174ನೇ ಕಲಂ ಅವಕಾಶ ಕೊಟ್ಟಿದೆ. ಸಾಲ ತೀರಿಸಿ ಉಳಿಸಿಕೊಂಡ ಹೊಲ ಜಪ್ತಿಗೆ ಬರುತ್ತದೆ. ಇತ್ತ ಕಾಲು ಕಳಕೊಂಡವನಿಗೂ ಆ ಹೊಲ ಮಾರಾಟ ಆಗುವ ತನಕ ದಮ್ಮಡಿ ಸಿಕ್ಕುವುದಿಲ್ಲ.

ಗಾಡಿ ಇಟ್ಟವರಿಗೆ ನಾಲ್ಕು ಮಾತು

ಒಂದು. ವಿಮೆ, ಎಫ್.ಸಿ., ಪರ್ಮಿಟ್ ಇವುಗಳ ಕೊನೆ ದಿನಾಂಕವನ್ನು ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಿಮೆ ಮುಗಿದ ಮರುದಿನ ಅಪಘಾತವಾದರೂ ಕಂಪನಿಯ ಪಾಲಿಗೆ ಆ ಗಾಡಿಗೆ ವಿಮೆ ಇಲ್ಲ.

ಎರಡು. ಚಾಲಕನ ಲೈಸೆನ್ಸನ್ನು ಕಣ್ಣಾರೆ ನೋಡಿ, ಒಂದು ಝೆರಾಕ್ಸ್ ಇಟ್ಟುಕೊಳ್ಳಿ. ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ. ಅದಕ್ಕೂ ದೊಡ್ಡ ಲಾರಿಗೆ ಭಾರಿ ವಾಹನದ ಲೈಸೆನ್ಸೇ ಬೇಕು. "ನಮ್ಮ ಹುಡುಗ ಚೆನ್ನಾಗಿ ಓಡಸ್ತಾನೆ" ಎಂಬುದು ಲೈಸೆನ್ಸ್ ಅಲ್ಲ.

ಮೂರು. ಗಾಡಿ ಮಾರಿದರೆ ಆರ್.ಸಿ. ಬುಕ್ಕು ಕೊಂಡವರ ಹೆಸರಿಗೆ ಆಗುವ ತನಕ ಬೆನ್ನು ಬಿಡಬೇಡಿ. ಛಾಪಾ ಕಾಗದದ ಮೇಲೆ ಬರೆದುಕೊಟ್ಟು, ದುಡ್ಡು ಎಣಿಸಿಕೊಂಡು, ಕೀಲಿ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೂರು ಕೈ ದಾಟಿದ ಗಾಡಿಯ ಅಪಘಾತಕ್ಕೆ ಮೊದಲು ಮಾರಿದವನ ಮನೆಗೆ ನೋಟೀಸು ಬರುತ್ತದೆ.

ನಾಲ್ಕು. ಲಾರಿಯ ಹಮಾಲರು, ಕ್ಲೀನರ್ ಇವರ ಬಗ್ಗೆ ಪಾಲಿಸಿಯಲ್ಲಿ ಪ್ರೀಮಿಯಂ ಕಟ್ಟಿದೆಯೋ ಇಲ್ಲವೋ ಏಜೆಂಟರನ್ನು ಕೇಳಿ ಬರೆಸಿಕೊಳ್ಳಿ. ಕೆಲಸದಲ್ಲಿದ್ದಾಗ ಚಾಲಕ, ಹಮಾಲರಿಗೆ ಪೆಟ್ಟಾದರೆ ನೌಕರರ ಪರಿಹಾರದ ಕಾನೂನಿನಲ್ಲೂ ಹಕ್ಕು ಇದೆ. ಮೋಟಾರು ಕಾಯಿದೆ, ನೌಕರರ ಕಾಯಿದೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಎರಡೂ ಕಡೆ ಹೋಗುವಂತಿಲ್ಲ.

ಮೊದಲ ವಾರ ಏನು ಮಾಡಬೇಕು

ಮೊದಲು ಜೀವ. 108ಕ್ಕೋ 112ಕ್ಕೋ ಫೋನ್ ಮಾಡಿ, ಆಸ್ಪತ್ರೆಗೆ ಸೇರಿಸಿ. ಸೇರಿಸಿದವರನ್ನು ಪೊಲೀಸರು ಸತಾಯಿಸುವಂತಿಲ್ಲ. ಕಾಯಿದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಬಂದ ಕೇಂದ್ರದ ಯೋಜನೆ ಪ್ರಕಾರ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನದ ತನಕ, 1.5 ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಸಿಗಬೇಕು. ಸೇರಿಸುವಾಗಲೇ ಅದನ್ನು ಕೇಳಿ.

ಎರಡನೆಯದು, ಆಸ್ಪತ್ರೆಯ ಎಂ.ಎಲ್.ಸಿ. ಪುಸ್ತಕ. ಡಾಕ್ಟರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಗಾಡಿ. ಗಾಬರಿಯಲ್ಲಿ "ಬೈಕಿನಿಂದ ಬಿದ್ದ" ಎಂದು ಬರೆಸಿಬಿಟ್ಟರೆ ವಿಮಾ ಕಂಪನಿಯ ವಕೀಲರು ಅದೊಂದೇ ಸಾಲು ಹಿಡಿದು ಕೇಸು ಮುರಿಯುತ್ತಾರೆ.

ಮೂರನೆಯದು ದೂರು. ತಡ ಮಾಡಬೇಡಿ. ಗಾಡಿ ನಂಬರು, ಚಾಲಕನ ಹೆಸರು, ನೋಡಿದವರ ಹೆಸರು ಬರೆಸಿ. ಗಾಡಿ ನಿಂತ ಜಾಗ, ಟೈರಿನ ಗೆರೆ ಇವುಗಳ ಫೋಟೋ ಮೊಬೈಲಿನಲ್ಲಿ ತೆಗೆದಿಡಿ. ಈಗಿನ ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು, 90 ದಿನದೊಳಗೆ ಸವಿವರ ವರದಿ ಸಲ್ಲಿಸಬೇಕು. ಇದರ ಪ್ರತಿ ಕೇಳಿ ಪಡೆಯುವುದು ನಿಮ್ಮ ಹಕ್ಕು.

ನಾಲ್ಕನೆಯದು ಕಾಗದ. ಎಫ್.ಐ.ಆರ್., ಸ್ಥಳ ಪಂಚನಾಮೆ, ಗಾಯದ ಸರ್ಟಿಫಿಕೇಟು, ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಔಷಧಿಯ ಒಂದೊಂದು ಬಿಲ್ಲು, ಆಸ್ಪತ್ರೆಗೆ ಓಡಾಡಿದ ಬಾಡಿಗೆ ಚೀಟಿ, ಸಾವಾದರೆ ಶವಪರೀಕ್ಷೆ ವರದಿ. ಎಲ್ಲ ಒಂದು ಚೀಲದಲ್ಲಿ ಹಾಕಿ ಮನೆಯ ಹೆಣ್ಣುಮಗಳ ಕೈಗೆ ಕೊಡಿ. ಅವರು ಕಳೆಯುವುದಿಲ್ಲ!

ಲೆಕ್ಕ ಹೇಗೆ ಹಾಕುತ್ತಾರೆ

ಪರಿಹಾರ ಎಂದರೆ ನ್ಯಾಯಾಧೀಶರು ಮನಸ್ಸಿಗೆ ಬಂದಷ್ಟು ಕೊಡುವುದಲ್ಲ. ಅದಕ್ಕೆ ಲೆಕ್ಕ ಇದೆ. ಸುಪ್ರೀಂ ಕೋರ್ಟು 2009ರಲ್ಲಿ ವಯಸ್ಸಿನ ಗುಣಕ, 2017ರಲ್ಲಿ ಮುಂದಿನ ಆದಾಯದ ಲೆಕ್ಕ ಗೊತ್ತು ಮಾಡಿದೆ. ಒಂದು ಉದಾಹರಣೆ ನೋಡೋಣ.

35 ವರ್ಷದ ಒಬ್ಬ ಕೂಲಿಕಾರ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ತಿಂಗಳ ದುಡಿಮೆ 15,000 ರೂ. ಎಂದು ರುಜುವಾತಾಯಿತು ಅನ್ನಿ. ನಲವತ್ತರ ಒಳಗಿನ ವಯಸ್ಸಾದ್ದರಿಂದ ಶೇಕಡಾ 40 ಸೇರಿಸಿದರೆ 21,000. ಅವಲಂಬಿತರು ನಾಲ್ವರು, ಆದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಈ ವಯಸ್ಸಿನ ಗುಣಕ 16. ಒಟ್ಟು 30,24,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆ, ಸಂಗಾತಿಯ ನಷ್ಟ ಮುಂತಾದ ಬಾಬ್ತು, ಮತ್ತೆ ಬಡ್ಡಿ. ಈಗ ಹೇಳಿ, ಲಾರಿ ಮಾಲೀಕನ ಕಡೆಯವರು ಮೂರನೇ ದಿನವೇ ಬಂದು "ಒಂದೆರಡು ಲಕ್ಷ ತಗೊಂಡು ಮುಗಿಸಿರಪ್ಪ, ಕೋರ್ಟಿಗೆಲ್ಲಿ ಅಲೀತೀರಿ" ಅಂದರೆ ಆ ಮನೆಯವರು ಏನು ಬಿಟ್ಟುಕೊಟ್ಟಂತಾಯಿತು? ಕಟ್ಟಬೇಕಾದದ್ದು ವಿಮಾ ಕಂಪನಿ. ಮಾಲೀಕನೂ ಸುಮ್ಮನೆ ಕೈಯಿಂದ ಯಾಕೆ ಕೊಡಬೇಕು?

ಮನೆಗೆಲಸ ಮಾಡುವ ತಾಯಿ ತೀರಿಹೋದರೆ "ಆಕೆಗೆ ಸಂಬಳ ಎಲ್ಲಿತ್ತು" ಎನ್ನುವಂತಿಲ್ಲ. ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಾರಿ ಹೇಳಿದೆ.

ಗಾಯದ ಪ್ರಕರಣದಲ್ಲಿ ಮುಖ್ಯ ಪ್ರಶ್ನೆ, ಆ ಪೆಟ್ಟಿನಿಂದ ಅವನ ಕಸುಬಿಗೆ ಎಷ್ಟು ಧಕ್ಕೆಯಾಯಿತು ಎಂಬುದು. ಡಾಕ್ಟರು ಕಾಲಿಗೆ ಶೇಕಡಾ ಇಷ್ಟು ಊನ ಎಂದು ಬರೆಯುತ್ತಾರೆ. ಅದೇ ಕೊನೆಯಲ್ಲ. ಕಾಲು ಮಡಿಸಲಾಗದ ಗುಮಾಸ್ತ ಕುರ್ಚಿ ಮೇಲೆ ಕುಳಿತು ಬರೆಯಬಹುದು. ಕಾಲು ಮಡಿಸಲಾಗದ ಹಮಾಲ ಮೂಟೆ ಎತ್ತುವುದು ಹೇಗೆ? ಈ ವ್ಯತ್ಯಾಸ ನೋಡಿಯೇ ಲೆಕ್ಕ ಹಾಕಬೇಕೆಂದು 2010ರ ತೀರ್ಪು ಹೇಳುತ್ತದೆ.

ಇನ್ನು ಆದಾಯದ ರುಜುವಾತು. ನಮ್ಮವರು ಸೋಲುವುದು ಇಲ್ಲಿ. ಸಂಬಳ ಚೀಟಿ ನಮಗೆಲ್ಲಿಂದ ಬರಬೇಕು? ಆದರೆ ಸಹಕಾರ ಸಂಘದ ಪುಸ್ತಕ ಇದೆಯಲ್ಲ! ಸಾಲದ ಖಾತೆ, ಡೈರಿಗೆ ಹಾಲು ಹಾಕಿದ ಚೀಟಿ, ಮಾಲು ಮಾರಿದ ರಶೀದಿ, ಪಹಣಿ, ಉದ್ಯೋಗ ಖಾತ್ರಿ ಜಾಬ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲವೂ ಸಾಕ್ಷಿಯೇ. ಏನೂ ಇಲ್ಲದಿದ್ದರೆ ಅಪಘಾತವಾದ ವರ್ಷಕ್ಕೆ ತಕ್ಕಂತೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯಲ್ಲಿರುವ ಅಂದಾಜು ಆದಾಯವನ್ನು ಹಿಡಿಯುವ ರೂಢಿ ಇದೆ. ನಿಮ್ಮ ದುಡಿಮೆ ಅದಕ್ಕಿಂತ ಹೆಚ್ಚಿದ್ದರೆ ಕಾಗದ ತೋರಿಸಿದರೆ ಮಾತ್ರ ಸಿಗುತ್ತದೆ.

ಎಲ್ಲಿ, ಯಾವಾಗ

ಅಪಘಾತ ತುಮಕೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ, ಅಲ್ಲಿಗೇ ಅಲೆಯಬೇಕಾಗಿಲ್ಲ. ನೀವು ವಾಸ ಮಾಡುವ ಪ್ರದೇಶದ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಗುಳೆ ಹೋದವರ ಮನೆಯವರು ಇದನ್ನು ನೆನಪಿಡಬೇಕು. 2022ರ ಏಪ್ರಿಲ್ 1ರಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಮಿತಿ ಬಂದಿದೆ. ಆ ಮಿತಿಯನ್ನು ಪ್ರಶ್ನಿಸಿದವರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದಾರೆ. ಆದರೂ ನಾವು ಆರು ತಿಂಗಳನ್ನೇ ಗಡುವು ಎಂದು ಇಟ್ಟುಕೊಳ್ಳುವುದು ಕ್ಷೇಮ. ತಿಥಿ, ವರ್ಷಾಂತಿಕ ಮುಗಿಯಲಿ ಎಂದು ಕಾಯಬೇಡಿ.

ತಪ್ಪು ಯಾರದೆಂದು ರುಜುವಾತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ 164ನೇ ಕಲಂ ಇದೆ. ಆದರೆ ಅದನ್ನು ಒಪ್ಪಿ ಪಡೆದುಕೊಂಡರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುತ್ತದೆ. ವಕೀಲರ ಹತ್ತಿರ ಲೆಕ್ಕ ಹಾಕಿಸದೆ ಸಹಿ ಮಾಡಬೇಡಿ. ಗುದ್ದಿದ ಗಾಡಿ ಓಡಿಹೋಗಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ಸಿಗುವ ಬೇರೆ ಯೋಜನೆ ಇದೆ. ಅದಕ್ಕೆ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಬೇಕು.

ಪತ್ತೆಯಾಗದ ಗಾಡಿಯ ಬದಲು ನೆಂಟರ ಗಾಡಿಯ ನಂಬರು ಬರೆಸುವ ಬುದ್ಧಿ ಹೇಳುವವರೂ ಇದ್ದಾರೆ. ಕೇಳಬೇಡಿ. ಸುಳ್ಳು ಹೊರಬಿದ್ದರೆ ಪರಿಹಾರ ಹೋಗಿ ಜೈಲು ಬರುತ್ತದೆ. ಹಾಗೆಯೇ ಆಸ್ಪತ್ರೆ ಬಾಗಿಲಲ್ಲೇ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದಲ್ಲಾಳಿಗಳ ಬಗ್ಗೆ ಎಚ್ಚರ ಇರಲಿ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂದು ಫೀಜು ಗೊತ್ತು ಮಾಡುವುದು ವಕೀಲರ ನಿಯಮಕ್ಕೇ ವಿರುದ್ಧ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಸಂಘ ಮಾಡಬಹುದಾದದ್ದು

ಕೊನೆಯದಾಗಿ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಗಾಡಿ ಇಟ್ಟ ಸದಸ್ಯರ ಪಟ್ಟಿ ಮಾಡಿ, ವಿಮೆ ಮುಗಿಯುವ ದಿನಾಂಕವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಗಿಯುವ ಹದಿನೈದು ದಿನ ಮುಂಚೆ ಒಂದು ಮಾತು ಹೇಳಿಕಳಿಸಿ. ಸಾಲದ ಕಂತು ಕಟ್ಟಲಿಲ್ಲ ಎಂದು ಹೇಳಿಕಳಿಸುವ ನಾವು ಇದನ್ನೂ ಮಾಡಬಹುದಲ್ಲವೇ? ಕೂಲಿಗೆ ಜನ ಕರೆದೊಯ್ಯುವ ದಿನಗಳಲ್ಲಿ ನಾಲ್ಕಾರು ರೈತರು ಸೇರಿ ಪ್ರಯಾಣಿಕರ ಪರ್ಮಿಟ್ ಇರುವ ಗಾಡಿಯನ್ನು ಬಾಡಿಗೆಗೆ ಗೊತ್ತು ಮಾಡಿಕೊಳ್ಳಿ. ಖರ್ಚು ಹಂಚಿಕೊಂಡರೆ ಭಾರವಾಗದು. ಸಹಕಾರ ಎಂದರೆ ಅದೇ ತಾನೇ.

ಕೂಲಿಗೆ ಹೋಗುವ ತಾಯಂದಿರಲ್ಲೂ ಒಂದು ಮಾತು. ಮೂಟೆ ಮೇಲೆ, ಮಡ್‌ಗಾರ್ಡ್ ಮೇಲೆ "ಹತ್ತವ್ವ" ಎಂದರೆ "ಒಲ್ಲೆ ಅಣ್ಣಾ, ಬೇರೆ ಗಾಡಿ ತರ್ರಿ" ಎಂದು ನಾಲ್ಕು ಜನ ಒಟ್ಟಿಗೆ ಹೇಳಿ. ಆ ಮಾತು ನಿಮ್ಮ ಮನೆಯನ್ನೂ ಉಳಿಸುತ್ತದೆ, ಕರೆದ ರೈತನ ಮನೆಯನ್ನೂ ಉಳಿಸುತ್ತದೆ.